ಪರೀಕ್ಷೆಗೆ ಕೂತವರು ಯಾರು?

"ಈ ಪರೀಕ್ಷೇಲಿ ಫೇಲಾದ್ರೆ ಇನ್ನೊಂದ್ಸಲ ಕೂರಿಸ್ತಾರೋ ಇಲ್ವೋ?"

ಸೂಜಿಯಮ್ಮ ಕೇಳಿದ್ದು ಯಾರನ್ನೂ ಅಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತು, ಗುಂಡಿ ಕಿತ್ತ ಅಂಗಿಯನ್ನು ತೊಡೆಯ ಮೇಲೆ ಹರವಿಕೊಂಡು, ತನ್ನಷ್ಟಕ್ಕೆ ತಾನೇ ಆಡಿಕೊಂಡ ಮಾತು. ಒಳಗೆ ಕೆಲಸಕ್ಕೆ ಹೊರಡುತ್ತಿದ್ದ ಮಗನಿಗೆ ಅದು ಕೇಳಿಸಿತು. ಅವನು ಬಸ್ ಚಾಲಕ. ಬೆನ್ನ ಹಿಂದಿನ ಸದ್ದಿಗೆ ಅವನ ಕಿವಿ ಬಲು ಚುರುಕು.

"ಯಾವ ಪರೀಕ್ಷೆ ಅಮ್ಮಾ, ಈ ವಯಸ್ಸಲ್ಲಿ?"

"ಅದೇ ಕಣೋ, ದೊಡ್ಡಾಸ್ಪತ್ರೇದು. ಔಷಧದ ಪರೀಕ್ಷೆ."

ಆ ಬೀದಿಯ ಅರ್ಧ ಜನ ತೊಟ್ಟಿದ್ದು ಅವಳ ಕೈ ಹೊಲಿಗೆ. ಹೆಸರೂ ಹಾಗೇ ಬಂದದ್ದು. ಗಂಟುನೋವು ಬೆರಳಿಗೆ ಇಳಿದ ಮೇಲೆ ಮಾತ್ರ ಸೂಜಿಗೆ ದಾರ ಪೋಣಿಸುವುದೂ ಬೆಟ್ಟ ಹತ್ತಿದಂತಾಯಿತು. ಹೊಸ ಗುಳಿಗೆಯೊಂದು ಪರೀಕ್ಷೆಯಲ್ಲಿದೆ, ಸೇರುತ್ತೀರಾ ಎಂದು ಆಸ್ಪತ್ರೆಯ ನರ್ಸ್ ಕೇಳಿದಳು, ಎಲ್ಲವನ್ನೂ ಓದಿ ಹೇಳಿದಳು. ಸೂಜಿಯಮ್ಮ ತಲೆಯಾಡಿಸಿದಳು. ಆದರೆ ಅವಳ ಕಿವಿಯಲ್ಲಿ ಉಳಿದದ್ದು ಒಂದೇ ಮಾತು: ಪರೀಕ್ಷೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳಿಗೆ ಆ ಮಾತು ಕೇಳಿದರೆ ಈಗಲೂ ಎದೆ ಡವಡವ.

ಗುಳಿಗೆ ನುಂಗಿದ ಮೇಲೆ ಬೆರಳು ಸಡಿಲಾದದ್ದು ನಿಜ. ಜೊತೆಗೇ ತಲೆಸುತ್ತೂ ಶುರುವಾಯಿತು. ಆದರೂ ನರ್ಸ್ "ಹೇಗಿದ್ದೀರಮ್ಮ?" ಎಂದಾಗಲೆಲ್ಲ ಅವಳು ಕಂಠಪಾಠ ಒಪ್ಪಿಸಿದಂತೆ, "ಚೆನ್ನಾಗಿದ್ದೀನಿ, ಏನೂ ತೊಂದ್ರೆ ಇಲ್ಲ" ಅನ್ನುವಳು.

ಈಗಲೂ ಅದೇ ತಲೆಸುತ್ತು. ಮಗನಿಗೆ ಚಹಾ ಕೊಡಲೆಂದು ಎದ್ದವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು, ಹಾಗೇ ಕುಸಿದಳು. ಮಗ ಓಡಿ ಬಂದು ಹಿಡಿದ.

"ಯಾವಾಗಿಂದ ಹೀಗೆ?"

"ಗುಳಿಗೆ ಶುರು ಮಾಡ್ದಾಗಿಂದ."

"ನರ್ಸಿಗೆ ಹೇಳಿದ್ಯಾ?"

"ಹೇಳಿದ್ರೆ ಫೇಲ್ ಅಲ್ವೇನೋ? ಆಮೇಲೆ ಗುಳಿಗೆ ಯಾರು ಕೊಡ್ತಾರೆ?"

ಮಗನಿಗೆ ನಗುವೂ ಬಂತು, ಸಂಕಟವೂ ಆಯಿತು. "ಪರೀಕ್ಷೆಯಂತೆ ಪರೀಕ್ಷೆ. ಅವರಿಗೆ ಇಲಿ ಸಾಲದೆ ಬಂತು, ನಮ್ಮಮ್ಮ ಸಿಕ್ಕಿದ್ಳು. ನಡಿ, ಇವತ್ತೇ ಬಿಟ್ಟು ಬಂದ್ಬಿಡೋಣ."

ಆಸ್ಪತ್ರೆಯಲ್ಲಿ ಅವನು ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ನರ್ಸ್ ಅವನ ಮಾತಿಗೆ ಅಡ್ಡ ಬರಲಿಲ್ಲ. ಸೂಜಿಯಮ್ಮನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದಳು. ಕೂಡಲೇ ವೈದ್ಯರನ್ನು ಕರೆಸಿದಳು. ಗುಳಿಗೆ ನಿಲ್ಲಿಸಿ ಎಂದರು ವೈದ್ಯರು.

ಸೂಜಿಯಮ್ಮನ ಕಣ್ಣು ತುಂಬಿತು. "ಹಾಗಾದ್ರೆ ಫೇಲಾದೆ ಅನ್ನಿ."

ನರ್ಸ್ ನಗಲಿಲ್ಲ. ಅವಳನ್ನು ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತು ಅವಳ ಬೆರಳುಗಳನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು.

"ಅಮ್ಮ, ಪರೀಕ್ಷೆಗೆ ಕೂತಿರೋದು ನೀವಲ್ಲ, ಗುಳಿಗೆ. ನೀವು ಪೇಪರ್ ತಿದ್ದೋ ಮೇಷ್ಟ್ರು."

"ನಾನಾ? ಮೇಷ್ಟ್ರಾ?"

"ಹೂಂ. ನೋವು ಕಡಿಮೆ ಆಯ್ತಾ, ಮಾರ್ಕ್ಸ್ ಹಾಕಿ. ತಲೆ ಸುತ್ತಿತಾ, ಕಳೀರಿ. ಮೇಷ್ಟ್ರು ದಾಕ್ಷಿಣ್ಯಕ್ಕೆ ಪಾಸು ಮಾಡಿದ್ರೆ, ನಾಳೆ ಈ ಗುಳಿಗೇನ ಇನ್ಯಾರದೋ ತಾಯಿ ನುಂಗ್ತಾರೆ. ಅವರು ಬೀಳುವಾಗ ಹಿಡ್ಕೊಳ್ಳೋಕೆ ಮಗ ಪಕ್ಕದಲ್ಲೇ ಇರ್ತಾನಾ?"

ಮಗ ಬಿಡಲಿಲ್ಲ. "ಮಾತೇನೋ ಚೆನ್ನಾಗಿದೆ ಸಿಸ್ಟರ್. ಆದ್ರೆ ಇದಕ್ಕೆಲ್ಲ ನಮ್ಮಂಥವರ ಮೈಯೇ ಬೇಕಾ?"

"ಆ ಪ್ರಶ್ನೆ ಕೇಳ್ಲೇಬೇಕು ಅಣ್ಣ. ಕೇಳೋರಿಲ್ಲದ ಕಡೆ ಅನ್ಯಾಯ ಆಗಿರೋದೂ ಉಂಟು. ಅದಕ್ಕೇ ಕಟ್ಟುಪಾಡು ಇರೋದು. ತಿಳಿಸದೆ ಯಾರನ್ನೂ ಸೇರಿಸ್ಕೊಳ್ಳೋ ಹಾಗಿಲ್ಲ. ಸೇರಿದವರು ಯಾವಾಗ ಬೇಕಾದ್ರೂ ಬಿಡ್ಬಹುದು. ಬಿಟ್ರೂ ಅವರ ಮಾಮೂಲಿ ಚಿಕಿತ್ಸೆ ನಿಲ್ಲಲ್ಲ. ಅಪಾಯ ಆದ್ರೆ ನೋಡ್ಕೊಳ್ಳೋ ಹೊಣೆ ನಮ್ದು." ಅವಳು ಸೂಜಿಯಮ್ಮನತ್ತ ನೋಡಿದಳು. "ತಪ್ಪು ನನ್ನದೂ ಇದೆ. ಅಮ್ಮ ತಲೆಯಾಡಿಸಿದ್ದನ್ನೇ ಒಪ್ಪಿಗೆ ಅಂದ್ಕೊಂಡೆ. ಏನು ತಿಳೀತು ಅಂತ ಅವರ ಬಾಯಿಂದಲೇ ಹೇಳಿಸ್ಬೇಕಿತ್ತು."

ಮಗನ ದನಿ ತಗ್ಗಿತು. "ಹಾಗಾದ್ರೆ ಇದೆಲ್ಲ ಮಾಡ್ಲೇಬೇಕು ಅಂತೀರಾ?"

"ನೀವು ಓಡಿಸೋ ಬಸ್ಸನ್ನ ಮೊದ್ಲು ಯಾರೋ ಓಡಿಸಿ ನೋಡಿದ್ರಲ್ಲ. ಬ್ರೇಕ್ ಸರಿಯಿಲ್ಲ ಅಂತ ಗೊತ್ತಾದಾಗ ಅವರು ಬಾಯಿ ಮುಚ್ಕೊಂಡಿದ್ರೆ?"

"ಇವತ್ತು ನಾನಿಲ್ಲಿ ನಿಂತು ನಿಮ್ಮ ಜೊತೆ ಜಗಳ ಆಡೋಕೆ ಇರ್ತಿರ್ಲಿಲ್ಲ," ಎಂದ ಮಗ. ಅಮ್ಮನ ಬೆನ್ನ ಮೇಲೆ ಕೈಯಿಟ್ಟ. "ಹೇಳಮ್ಮ ಮೇಷ್ಟ್ರೇ. ಒಂದೂ ಬಿಡದೆ ಹೇಳು."

ಸೂಜಿಯಮ್ಮ ಹೇಳಿದಳು. ಬೆಳಗ್ಗೆ ಏಳುವಾಗ ನೆಲ ತೇಲಿದಂತಾಗುವುದು, ಮೆಟ್ಟಿಲ ತಿರುವಿನಲ್ಲಿ ಕಣ್ಣು ಕತ್ತಲಿಟ್ಟದ್ದು, ಎಲ್ಲವನ್ನೂ. ಹೇಳುತ್ತ ಹೇಳುತ್ತ ಅವಳ ಮುಖ ತಿಳಿಯಾಯಿತು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ವಿಜ್ಞಾನ ಬೆಳೆಯಲು ನಿಮ್ಮ ನೆರವು ಬೇಕು. ಆದರೆ ಮೈ ನಿಮ್ಮದು, ಮಾತೂ ನಿಮ್ಮದು. ಔಷಧದ ಪರೀಕ್ಷೆಗೆ ಯಾರಾದರೂ ಕರೆದರೆ ಹೆದರಿ ಓಡಬೇಡಿ, ನಾಚಿ ತಲೆಯಾಡಿಸಲೂ ಬೇಡಿ. ಏನು, ಏಕೆ, ಏನಾಗಬಹುದು ಎಂದು ಕೇಳಿ. ತಿಳಿಯುವವರೆಗೂ ಕೇಳಿ. ಸೇರಿದ ಮೇಲೆ ಆದದ್ದನ್ನು ಆದಂತೆಯೇ ಹೇಳಿ. ಹೂಂ ಅನ್ನುವುದು ಎಷ್ಟು ದೊಡ್ಡ ಮಾತೋ, ಊಹೂಂ ಅನ್ನುವುದೂ ಅಷ್ಟೇ ದೊಡ್ಡ ಮಾತು.

ಅಮ್ಮ ಮಗ ಹೊರಡುವಾಗ ನರ್ಸ್ ಇನ್ನೊಂದು ವಿಷಯ ಕೇಳಿದಳು. ಅದನ್ನೂ ಕೇಳಿಸಿಕೊಂಡು ಹೋಗಿ.

"ಅಮ್ಮ, ಗುಳಿಗೆ ಪರೀಕ್ಷೆಗೆ ಅಂತ ನಿಮ್ಮಿಂದ ತಗೊಂಡಿದ್ದ ರಕ್ತ ಸ್ವಲ್ಪ ಮಿಕ್ಕಿದೆ. ಮುಂದಿನ ಸಂಶೋಧನೆಗೆ ಅಂತ ಎತ್ತಿಡ್ಬಹುದಾ?"

"ಯಾವ ಸಂಶೋಧನೆಗೆ?"

"ಅದನ್ನ ಈಗಲೇ ಹೇಳೋಕಾಗಲ್ಲ. ಕೊಡೋದೂ ಬಿಡೋದೂ ನಿಮ್ಮಿಷ್ಟ."

ಸೂಜಿಯಮ್ಮ ಯೋಚಿಸಿದಳು. ಸಂಜೆಗೆ ಬೇಕು ಎಂದು ಮಧ್ಯಾಹ್ನ ಬಟ್ಟೆ ತಂದವರಿಗೂ ಇಲ್ಲ ಅಂದವಳಲ್ಲ ಅವಳು. ಮಗ ಬಾಯಿ ತೆರೆಯಹೋದ. ಅವಳು ಕೈ ತೋರಿಸಿ ತಡೆದಳು.

"ಬೇಡ ಕಣಮ್ಮಾ," ಎಂದಳು ಮೆತ್ತಗೆ. "ಯಾತಕ್ಕೆ ಅಂತ ಗೊತ್ತಿಲ್ಲದ್ದಕ್ಕೆ ನಾನು ಕೊಡಲ್ಲ."