ಮೊದಲ ಬಟ್ಟೆ

"ಆ ಹೆಣ್ಣಿಗ್ ಅಮ್ಮ ಇರ್ಲಿಲ್ಯಾ, ಮಾಸ್ಟ್ರೇ?"

ಬಾಗಿಲ ಹಿಂದಿನಿಂದ ಬಂದ ಪ್ರಶ್ನೆಗೆ ಗೋವರ್ಧನ ಮಾಸ್ತರರ ಕೈಯ ಕಾಫಿ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಹೆಮ್ಮಾಡಿಯ ಇಗರ್ಜಿ ಶಾಲೆಯಲ್ಲಿ ಅವರು ಚರಿತ್ರೆ ಪಾಠ ಮಾಡುವವರು. ಕ್ರಿಸ್ಮಸ್ಸಿನ ನಾಟಕ ಬರೆಯಲು ಫಾದರು ಅವರಿಗೇ ಹೇಳಿದ್ದರು. ದೇವದೂತರು, ನಕ್ಷತ್ರ ಎಂದಷ್ಟಕ್ಕೆ ಬಿಡದೆ ಮಾಸ್ತರರು ರೋಮಿನ ಚಕ್ರವರ್ತಿಯನ್ನೂ ಎಳೆದು ತಂದಿದ್ದರು. ತೆರಿಗೆ ಹಾಕಲು ಅವನು ತಲೆ ಎಣಿಸಲು ಹೊರಟದ್ದು, ಎಲ್ಲರೂ ತಮ್ಮ ತಮ್ಮ ಮೂಲದ ಊರಿಗೆ ಹೋಗಿ ಹೆಸರು ಬರೆಸಬೇಕೆಂದು ಆಜ್ಞೆಯಾದದ್ದು, ಬಡ ಬಡಗಿಯೊಬ್ಬ ತುಂಬು ಬಸುರಿ ಹೆಂಡತಿಯನ್ನು ಕರೆದುಕೊಂಡು ಬೆತ್ಲೆಹೇಮಿಗೆ ನಡೆದದ್ದು, ಅಲ್ಲಿ ಎಲ್ಲೂ ಜಾಗ ಸಿಗದೆ ದನದ ಹಟ್ಟಿಯಲ್ಲಿ ಯೇಸು ಹುಟ್ಟಿದ್ದು, ಎಲ್ಲವನ್ನೂ ಅವರು ರತ್ನಾಕರ ಶೆಟ್ಟರ ಮನೆಯ ಚಾವಡಿಯಲ್ಲಿ ಕೂತು ಶೆಟ್ಟರಿಗೆ ವಿವರಿಸುತ್ತಿದ್ದರು. ಶೆಟ್ಟರು ನಾಟಕದ ದಿನ ಮುಖ್ಯ ಅತಿಥಿ. ಕುಂದಾಪುರ ಪೇಟೆಯಲ್ಲಿ ಹೋಟೆಲು ಇಟ್ಟವರು, ಶಾಲೆಗೆ ಬೆಂಚು ಮಾಡಿಸಿಕೊಟ್ಟವರು.

"ಇದ್ಲ್ ಅಂಬ್ರ್, ಅಮ್ಮ," ಎಂದರು ಮಾಸ್ತರರು. "ಆ ದಿನ ಅವ್ಳ್ ಎಲ್ಲಿದ್ಲ್ ಅಂದೇಳಿ ಯಾರೂ ಬರಿಲಿಲ್ಲೆ."

"ಬರಿಯೂಕೆ ಎಂತ ಇತ್ತ್? ಮನಿಯಂಗೇ ಕೂತಿದ್ದಿರ್ಕ್," ಎಂದಳು ಬಾಗಿಲ ಹಿಂದಿನಿಂದಲೇ ಶೆಟ್ಟರ ಹೆಂಡತಿ ಜಲಜ.

"ನೀನ್ ಒಳ್ಗ್ ಹೋಗ್ ಹೆಣೆ," ಎಂದರು ಶೆಟ್ಟರು, ನಗುತ್ತಲೇ. ಹೊರಗಿನವರ ಎದುರು ಅವರು ಹೆಂಡತಿಯನ್ನು ಗದರಿದ್ದೇ ಇಲ್ಲ. ಆ ನಗು ಕಂಡರೆ ಜಲಜೆಗೆ ಈಚೆಗೆ ಮೈಯೆಲ್ಲ ಜಿರಲೆ ಹರಿದ ಹಾಗಾಗುತ್ತಿತ್ತು.

ಮಗಳು ಪುಷ್ಪ ಕಳೆದ ವರ್ಷ ಉಪ್ಪುಂದದ ನಾಗನನ್ನು ಮದುವೆಯಾಗಿ ಹೋಗಿದ್ದಳು. ನಾಗ ದೋಣಿಗೆ ಹೋಗುವವನು. ಅವನ ತಾಯಿ ಸೀತು ಇದೇ ಮನೆಗೆ ಹತ್ತಾರು ವರ್ಷ ಮೀನು ಹೊತ್ತು ತಂದವಳು. ಶೆಟ್ಟರಿಗೆ ಬಂಗುಡೆಯಿಲ್ಲದೆ ಅನ್ನ ಇಳಿಯದು. ಅದನ್ನು ತಂದವರು ಮಾತ್ರ ಹಿತ್ತಿಲ ಬಾಗಿಲು ದಾಟಬಾರದು. ದೀಪಾವಳಿಯ ಮರುದಿನ ಪುಷ್ಪ ಉಬ್ಬಿದ ಹೊಟ್ಟೆ ಹೊತ್ತು ಅಂಗಳಕ್ಕೆ ಬಂದು ನಿಂತಾಗ ಶೆಟ್ಟರು ಚಾವಡಿಯಿಂದ ಏಳಲೂ ಇಲ್ಲ. "ಇಲ್ಲಿ ಜಾಗ ಇಲ್ಲೆ," ಎಂದಷ್ಟೇ ಹೇಳಿ ಪೇಪರು ಬಿಡಿಸಿದರು. ಅವಳು ಹೋದ ಮೇಲೆ ಅವಳು ನಿಂತಿದ್ದ ಜಾಗಕ್ಕೆ ಸಗಣಿ ನೀರು ಹಾಕಿಸಿದರು. ನೀರು ಹಾಕಿದ್ದು ಜಲಜೆಯೇ. ಆ ಸಂಜೆ ತನ್ನ ಕೈಯಿಂದ ತಾನೇ ಉಣ್ಣಲು ಅವಳಿಗೆ ಹೇಸಿಗೆಯಾಗಿತ್ತು.

"ಆ ಮನಿ ಮೆಟ್ಲ್ ಹತ್ತಿದ್ರೆ ಮತ್ತ್ ಈ ಮನಿ ಮೆಟ್ಲ್ ಹತ್ತೂದ್ ಬ್ಯಾಡ," ಎಂದು ಶೆಟ್ಟರು ಅವಳಿಗೂ ಹೇಳಿಟ್ಟಿದ್ದರು.

ನಾಟಕದ ದಿನ ಬೆಳಿಗ್ಗೆ ಹಿತ್ತಿಲಲ್ಲಿ ಸೀತು ಬುಟ್ಟಿ ಇಳಿಸಿದಳು. ಬೀಗಿತ್ತಿಯಾದರೂ ಅವಳ ಬಾಯಿಗೆ ಇನ್ನೂ 'ಅಮ್ಮ' ಎಂಬುದೇ ಬರುತ್ತಿತ್ತು.

"ಹೊಟ್ಟಿ ಕೆಳ್ಗ್ ಇಳ್ದಿತ್ತ್ ಅಮ್ಮ. ಇವತ್ತೋ ನಾಳಿಯೋ ಅಂಬಂಗ್ ಇತ್ತ್. ಚೊಚ್ಲದ್ದ್ ತಾಯ್ಮನಿಯಂಗೇ ಆಯ್ಕ್ ಅಂದೇಳಿ ಹೆಣ್ಣ್ ಕಣ್ಣೀರ್ ಹಾಕಿ ಮರ್ಕ್ತಾ ಕೂಕಂಡಿತ್ತ್. ನಮ್ಮನಿಯಂಗ್ ಬಾಣಂತನಕ್ ಎಂತ ಕೊರ್ತಿಯೂ ಇಲ್ಲೆ. ಆರೆ ಅದಕ್ ನಿಮ್ಮ ಮುಖ ಕಾಣ್ಕ್."

"ಅವ್ರ್ ಬಿಡೂದಿಲ್ಲೆ, ಸೀತು."

ಸೀತು ಕೈ ತೊಳೆದ ನೀರನ್ನು ಬಾಳೆಬುಡಕ್ಕೆ ಚೆಲ್ಲಿ ಬುಟ್ಟಿ ಎತ್ತಿಕೊಂಡಳು.

ಬಟ್ಟೆಯನ್ನಾದರೂ ಕಳಿಸೋಣವೆಂದು ಜಲಜ ಒಳಗೆ ಓಡಿದಳು. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಮೊದಲು ಸುತ್ತುವುದು ಅಜ್ಜಿ ಉಟ್ಟು ಉಟ್ಟು ಮೆದುವಾದ ಹಳೆ ಸೀರೆಯನ್ನೇ. ಪುಷ್ಪ ಹುಟ್ಟಿದಾಗ ಜಲಜೆಯ ತಾಯಿ ತನ್ನ ಸೀರೆ ಹರಿದು ತಂದಿದ್ದಳು. ಜಲಜೆಯೂ ತನ್ನ ಹಸಿರು ಅಂಚಿನ ನೂಲಿನ ಸೀರೆಯನ್ನು ಹರಿದು, ಬಿಸಿನೀರಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ಮಡಚಿ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದಳು. ಈಗ ಪೆಟ್ಟಿಗೆಯ ತಳ ಖಾಲಿಯಾಗಿತ್ತು. ಇಡೀ ಪೆಟ್ಟಿಗೆ ಬಗ್ಗಿಸಿ ಹುಡುಕಿ ಹೊರಗೆ ಬರುವಷ್ಟರಲ್ಲಿ ಸೀತು ಗದ್ದೆಯಂಚು ದಾಟಿ ಹೋಗಿದ್ದಳು.

ಮಧ್ಯಾಹ್ನದ ಮೇಲೆ ಶಾಲೆಯ ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಶೆಟ್ಟರು, ಪಕ್ಕದಲ್ಲಿ ಜಲಜ. ಶೆಟ್ಟರ ಕೊರಳಿನ ಸೇವಂತಿಗೆ ಹಾರದ ವಾಸನೆಗೆ ತಲೆಗೆ ಹಚ್ಚಿದ ಎಣ್ಣೆಯ ವಾಸನೆ ಸೇರಿ ಅವಳಿಗೆ ತಲೆ ಸುತ್ತುತ್ತಿತ್ತು. ವೇದಿಕೆಯಲ್ಲಿ ಛತ್ರದವನ ವೇಷದ ಹುಡುಗ "ಜಾಗವಿಲ್ಲ, ಮುಂದೆ ಹೋಗಿ" ಎಂದು ಬಾಗಿಲು ಹಾಕಿಕೊಂಡ. ಪರದೆ ಎಳೆದು ಮತ್ತೆ ತೆಗೆದಾಗ ಹಟ್ಟಿ ಬಂದಿತ್ತು, ಹುಲ್ಲು ಬಂದಿತ್ತು, ಶೆಟ್ಟರ ಮನೆಯದ್ದೇ ಕರು ಒಂದು ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತಿತ್ತು. ಮೂವರು ಜ್ಞಾನಿಗಳು ಚಿನ್ನ, ಧೂಪ, ಸುಗಂಧದೆಣ್ಣೆ ಹಿಡಿದು ಬಂದರು. ಹೆತ್ತವಳ ಹತ್ತಿರಕ್ಕೆ ಒಬ್ಬರಾದರೂ ಒಂದು ಚೊಂಬು ಬಿಸಿನೀರು ತಂದಿರಲಿಲ್ಲ. ಗಂಡಸರ ಬುದ್ಧಿ ಎಲ್ಲ ದೇಶದಲ್ಲೂ ಇಷ್ಟೇ ಎಂದುಕೊಂಡಳು ಜಲಜ.

ಆಮೇಲೆ ಬೊಂಬೆ ಕಂಡಿತು. ದನದ ಮೇವಿನ ಗೋದಲಿಯೊಳಗೆ ಮಲಗಿಸಿದ್ದ ಬೊಂಬೆಗೆ ಸುತ್ತಿದ್ದ ಬಟ್ಟೆಯ ಹಸಿರು ಅಂಚನ್ನು ಅವಳು ಇನ್ನೊಮ್ಮೆ ನೋಡಬೇಕಾಗಿರಲಿಲ್ಲ.

ಶೆಟ್ಟರು ಅವಳ ಕಿವಿಯ ಹತ್ತಿರ ಬಗ್ಗಿದರು. "ಮಾಸ್ಟ್ರ್ ಹಳಿ ಬಟ್ಟಿ ಇತ್ತಾ ಕೇಂಡ್ರ್. ಪೆಟ್ಗಿ ಅಡಿಯಂಗ್ ಇದ್ದದ್ದ್ ಕೊಟ್ಟೆ. ಯಾರಿಗ್ ಇಟ್ಟದ್ದ್ ಅಂದೇಳಿ ನಂಗ್ ಗೊತ್ತಿಲ್ಯಾ? ಅಲ್ಲಿ ಮೀನ್ ನಾತ ಹಿಡಿಯೂದಕ್ಕಿಂತ ಇಲ್ಲಿ ದೇವ್ರ ಕೆಲ್ಸಕ್ ಆಯ್ತಲ್ಲ."

ಜಲಜ ಸೆರಗು ಬಾಯಿಗೆ ಒತ್ತಿಕೊಂಡಳು.

ನಾಟಕ ಮುಗಿದು ಶೆಟ್ಟರು ಮಾತಾಡಲು ಎದ್ದರು. ಮಕ್ಕಳು ವೇಷದಲ್ಲೇ ಅವರ ಹಿಂದೆ ನಿಂತಿದ್ದರು. ಶೆಟ್ಟರು ಮೊದಲು ಚಕ್ರವರ್ತಿಯ ದರ್ಪದ ಬಗ್ಗೆ ಹೇಳಿದರು. ನಂತರ ಧ್ವನಿ ತಗ್ಗಿಸಿ, "ಒಬ್ಬ ತುಂಬು ಗರ್ಭಿಣಿಗೆ ಜಾಗ ಕೊಡದ ಊರು ಅದೆಂಥ ಊರು? ಅಲ್ಲಿನವರನ್ನು ಮನುಷ್ಯರೆನ್ನಲು ಸಾಧ್ಯವೇ?" ಎಂದರು. ಇಲ್ಲಿಗೆ ಬಂದಾಗ ಕರ್ಚೀಪು ತೆಗೆದು ಕಣ್ಣು ಒರೆಸಿಕೊಂಡರು. ಅದು ಬರೀ ನಾಟಕವಾಗಿದ್ದರೆ ಜಲಜ ಸಹಿಸುತ್ತಿದ್ದಳೋ ಏನೋ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಎರಡು ಸಾವಿರ ವರ್ಷ ಹಿಂದಿನ ಬಸುರಿಗಾಗಿ ಈ ಮನುಷ್ಯ ಮನಸಾರೆ ಅಳುತ್ತಿದ್ದ. ಇವನ ಜೊತೆ ಇಷ್ಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದ್ದೆನಲ್ಲ ಎಂದು ಅವಳಿಗೆ ಅಸಹ್ಯವಾಯಿತು.

ಜನ ಚಪ್ಪಾಳೆ ತಟ್ಟುತ್ತಿರುವಾಗಲೇ ಅವಳು ಎದ್ದು ವೇದಿಕೆಯ ಮೆಟ್ಟಿಲು ಹತ್ತಿದಳು. ಶೆಟ್ಟರನ್ನು ಅಭಿನಂದಿಸಲು ಹೋಗುತ್ತಿದ್ದಾಳೆಂದು ತಿಳಿದು ಚಪ್ಪಾಳೆ ಇನ್ನೂ ಜೋರಾಯಿತು. ಅವಳು ಅವರನ್ನು ದಾಟಿ ಹೋಗಿ ಹುಲ್ಲಿನಲ್ಲಿ ಮಂಡಿಯೂರಿ ಬೊಂಬೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚತೊಡಗಿದಳು.

"ಅಮ್ಮ, ಎಂತ ಮಾಡ್ತ್ರಿ?" ಮಾಸ್ತರರು ಓಡಿ ಬಂದರು.

"ಇದ್ ಹುಟ್ಟೂ ಮಗುವಿಗ್ ಇಟ್ಟದ್ದ್, ಮಾಸ್ಟ್ರೇ. ಬೊಂಬಿಗ್ ಚಳಿ ಆತಿಲ್ಲೆ."

ಶೆಟ್ಟರು ಹಾರ ಸರಿಮಾಡಿಕೊಳ್ಳುತ್ತ ಹತ್ತಿರ ಬಂದರು. ಮುಖದ ನಗು ಹಾಗೆಯೇ ಇತ್ತು. "ಹೆಣೆ, ಜನ ಕಾಂತಿದ್ರ್."

"ಕಾಣ್ಲಿ."

"ಹೋದ್ರೆ ಮತ್ತ್ ಬಪ್ಪುಕಾತಿಲ್ಲೆ. ಹೇಳಿದ್ದೆ."

"ಕೇಂಡಿತ್ತ್," ಎಂದಳು ಜಲಜ. ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಜನರ ನಡುವೆಯೇ ಹಾದು ರಸ್ತೆಗೆ ಬಂದಳು. ಬೈಂದೂರಿನ ಬಸ್ಸು ಬರುವವರೆಗೆ ಮಾವಿನ ಮರದಡಿ ನಿಂತಳು. ಯಾರೂ ಹಿಂದೆ ಬರಲಿಲ್ಲ.

ಉಪ್ಪುಂದದಲ್ಲಿ ಬಸ್ಸಿಳಿದಾಗ ಹೊತ್ತು ಮುಳುಗುತ್ತಿತ್ತು. ಕಡಲ ಬದಿಯ ದಾರಿಯಲ್ಲಿ ಕೇಳಿ ಕೇಳಿ ಮನೆ ಹುಡುಕಿದಳು. ಅಂಗಳದಲ್ಲಿ ಬಲೆ ಹರಡಿತ್ತು. ಒಣಮೀನಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅವಳು ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಹತ್ತಿದಳು.

ಪುಷ್ಪ ಗೋಡೆಗೆ ಒರಗಿ, ಸೊಂಟ ಹಿಡಿದುಕೊಂಡು ಕೂತಿದ್ದಳು. ತಾಯಿಯನ್ನು ಕಂಡು ಏಳಲು ಹೋದಳು, ಆಗಲಿಲ್ಲ. ಜಲಜ ಅವಳ ಬೆನ್ನ ಹಿಂದೆ ಕೂತು ಸೊಂಟ ನೀವತೊಡಗಿದಳು. ಪುಷ್ಪ ತಿರುಗದೆಯೇ ಕೇಳಿದಳು.

"ಅಪ್ಪಯ್ಯ?"

"ಭಾಷಣ ಮಾಡ್ತಿದ್ರ್."

ಸೀತು ಹಂಡೆಯಡಿಗೆ ಇನ್ನೆರಡು ತೆಂಗಿನ ಮಡಲು ತುರುಕಿ ಬಂದಳು. ಜಲಜ ಪಕ್ಕದಲ್ಲಿಟ್ಟಿದ್ದ ಬಟ್ಟೆಯನ್ನು ತೆಗೆದುಕೊಂಡು ಬಿಚ್ಚಿದಳು. ಬಟ್ಟೆಯ ತುಂಬ ಹುಲ್ಲು ಅಂಟಿತ್ತು. ಅವಳು ದೀಪ ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಎಳೆಯನ್ನು ಉಗುರಿನಿಂದ ಹೆಕ್ಕಿ ಹೆಕ್ಕಿ ತೆಗೆಯುತ್ತ ಕೂತಳು.