ಅತ್ತೆ ಮಲಗಿದ್ದಾರೆ

"ಅದೇ ಬ್ರಷ್ ಬೇಕು ಮೇಡಂ, ಬೇರೆ ಯಾವ್ದೂ ಬೇಡ," ಎಂದು ಹಾಸಿಗೆ ಅಂಗಡಿಯ ಮಾಲೀಕ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ. "ಆ ಅಕ್ಷರ ನೋಡ್ತಿದ್ರೇನೇ ನಿದ್ದೆ ಬರುತ್ತೆ. ಅಂಗಡಿ ಹೆಸರನ್ನೂ ಅದ್ರಲ್ಲೇ ಬರೆದು ಸಂಜೆಯೊಳಗೆ ಕಳ್ಸಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಬೇರೆಯವ್ರ ಹತ್ರ ಮಾಡಿಸ್ಕೋತೀನಿ."

"ಆಗುತ್ತೆ ಸರ್, ಅದಕ್ಕೇನಂತೆ," ಎಂದು ಸೊಸೆ ಫೋನಿಟ್ಟಳು. ಇಟ್ಟ ಮೇಲೆ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಅದು ಯಾವ ಬ್ರಷ್ ಎಂದು ಅವಳಿಗೇ ಗೊತ್ತಿರಲಿಲ್ಲ.

ಆಫೀಸು ಬಿಟ್ಟು ಮನೆಯಲ್ಲೇ ಡಿಸೈನ್ ಕೆಲಸ ಶುರು ಮಾಡಿದ ಮೇಲೆ ಅವಳಿಗೆ ಸಿಕ್ಕ ಮೊದಲ ದೊಡ್ಡ ಗಿರಾಕಿ ಇವನು. ಇವನೂ ಕೈಬಿಟ್ಟರೆ ಹಳೆಯ ಆಫೀಸಿನ ಬಾಗಿಲು ತಟ್ಟುವುದೇ ಗತಿ. "ದಿನವಿಡೀ ಕೂತು ಗೀಚೋದೂ ಒಂದು ಕೆಲಸಾನಾ?" ಎಂದು ಅತ್ತೆ ಆಗಲೇ ಒಂದೆರಡು ಸಲ ಕೇಳಿಯಾಗಿತ್ತು. ಅದಕ್ಕೇ ಅವಳು ಕಂಪ್ಯೂಟರಿನಲ್ಲಿ ಜಾಹೀರಾತಿನ ಅಕ್ಷರ ಬರೆಯಲು ಒಳ್ಳೆಯ ಡಿಜಿಟಲ್ ಬ್ರಷ್ ಎಲ್ಲಿಂದ ತರಲಿ ಎಂದು ತಲೆ ಕೆಡಿಸಿಕೊಂಡು ಮೂರು ವೆಬ್‌ಸೈಟು ಜಾಲಾಡಿದ್ದಳು. ಮೊದಲನೆಯದರ ಬ್ರಷ್ಷುಗಳು ಫೋಟೋದಲ್ಲಿ ಮಾತ್ರ ಸುಂದರ. ಇಳಿಸಿಕೊಂಡ ಕೂಡಲೇ ಅವುಗಳ ಮೇಕಪ್ಪೂ ಇಳಿಯುತ್ತಿತ್ತು. ಎರಡನೆಯದರಲ್ಲಿ ಎಲ್ಲವೂ ಪುಕ್ಕಟೆ, ಸಾವಿರಾರು. ಒಂದೇ ಪೊರಕೆಗೆ ಬೇರೆ ಬೇರೆ ಹೆಸರಿಟ್ಟು ಗುಡ್ಡೆ ಹಾಕಿದ್ದರು. ಮೂರನೆಯದು ಯಾರೋ ಒಬ್ಬನೇ ಕೂತು ನಡೆಸುವ ಸೈಟು. ಇದ್ದದ್ದೇ ಬೆರಳೆಣಿಕೆಯಷ್ಟು ಬ್ರಷ್, ಜೊತೆಗೆ ಅವನ ಬೆಕ್ಕಿನ ಫೋಟೋ.

ಬ್ರಷ್ ಪರೀಕ್ಷಿಸುವಾಗ ಬಾಯಿಗೆ ಬಂದ ಯಾವುದಾದರೊಂದು ಸಾಲನ್ನು ಬರೆದು ನೋಡುವುದು ಅವಳ ಅಭ್ಯಾಸ. ಹಾಸಿಗೆ ಜಾಹೀರಾತು ಮಾಡಿದ ಮಧ್ಯಾಹ್ನ ಗೋಡೆಯಾಚೆ ಅತ್ತೆ ಮಲಗಿದ್ದರು. ಅತ್ತೆ ಹಗಲು ಮಲಗುವವರೇ ಅಲ್ಲ. ಹಾಗೆಂದು ಅವರೇ ಹೇಳುತ್ತಾರೆ. ಊಟವಾದ ಮೇಲೆ ಸುಮ್ಮನೆ ಕಣ್ಣು ಮುಚ್ಚಿ ಯೋಚನೆ ಮಾಡುತ್ತಾರಂತೆ. ಆ ಯೋಚನೆಯ ಗೊರಕೆ ಅಡುಗೆಮನೆಯವರೆಗೂ ಕೇಳಿಸುತ್ತದೆ. ಹಾಗಾಗಿ ಸೊಸೆಯ ಕೈಗೆ ಬಂದ ಸಾಲು ಇದು: 'ಅತ್ತೆ ಮಲಗಿದ್ದಾರೆ, ಸದ್ದು ಮಾಡಬೇಡಿ.' ಆಮೇಲೆ ಜಾಹೀರಾತು ಕಳಿಸುವ ಗಡಿಬಿಡಿಯಲ್ಲಿ ಚಿತ್ರದ ಮೇಲೆ ಆ ಸಾಲಿದ್ದ ಪದರವನ್ನು, ಅಂದರೆ ಲೇಯರನ್ನು, ಮರೆಮಾಡುವುದು ಮರೆತೇಹೋಯಿತು. ಹಾಸಿಗೆಯವನು ಅದನ್ನೇ ಜಾಹೀರಾತಿನ ಮಾತು ಎಂದುಕೊಂಡು ಕುಣಿದಾಡಿಬಿಟ್ಟ.

ಈಗ ಅವಳು ಮೂರೂ ಸೈಟಿನ ಬ್ರಷ್ಷುಗಳನ್ನು ಒಂದೊಂದಾಗಿ ಹಿಡಿದು ಅದೇ ಸಾಲನ್ನು ಬರೆಯತೊಡಗಿದಳು. ಒಂದು ದಪ್ಪ, ಒಂದು ಒರಟು, ಒಂದಕ್ಕೆ ಮೀಸೆ ಬಂದಂತಿತ್ತು. ಬೆಕ್ಕಿನವನ ಬ್ರಷ್ಷುಗಳೂ ಕೈಕೊಟ್ಟವು. ಪರದೆಯ ತುಂಬ ಅತ್ತೆಯರು ಸಾಲಾಗಿ ಮಲಗಿದ್ದರು. ಬೆನ್ನ ಹಿಂದೆ ಯಾರೋ ಉಸಿರಾಡಿದಂತಾಗಿ ತಿರುಗಿದರೆ, ನೀರಿನ ಲೋಟ ಹಿಡಿದು ಸಾಕ್ಷಾತ್ ಅತ್ತೆ.

"ಯಾರೇ ಈ ಅತ್ತೆ?"

"ಯಾರೂ ಇಲ್ಲ ಅತ್ತೆ. ಸುಮ್ನೆ ಒಂದು ಅತ್ತೆ."

"ಸುಮ್ನೆ ಒಂದು ಅತ್ತೆ ಎಲ್ಲಾದ್ರೂ ಇರ್ತಾರಾ? ನಾನು ಯಾವತ್ತು ಹಗಲು ಮಲಗಿದ್ದು ನೋಡಿದೀಯ ನೀನು?"

ಸುಳ್ಳು ಹೇಳಿದರೂ ನಾಳೆ ಜಾಹೀರಾತಿನ ಬೋರ್ಡು ಹೇಳಿಬಿಡುತ್ತದೆ ಎಂದು ಸೊಸೆ ನಡೆದದ್ದನ್ನೆಲ್ಲ ಒದರಿದಳು. ಇದು ಮುಖ್ಯರಸ್ತೆಯಲ್ಲಿ ಆಳೆತ್ತರದ ಅಕ್ಷರಗಳಲ್ಲಿ ಬರುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅತ್ತೆ ಲೋಟವನ್ನು ಮೇಜಿನ ಮೇಲೆ ಕುಕ್ಕಿ, ಕುರ್ಚಿ ಎಳೆದುಕೊಂಡು ಕುಳಿತರು. ಈಗ ಬಿತ್ತು ಬಾಂಬು ಎಂದು ಸೊಸೆ ಕಾದಳು.

"ಅವ್ನು ಮೆಚ್ಚಿದ್ದು ಯಾವ್ದು ತೋರ್ಸು."

ತೋರಿಸಿದಳು. ಅತ್ತೆ ಕನ್ನಡಕ ಏರಿಸಿ ನೋಡಿದರು. ಸಾಲು ಹೊಗೆಯ ಹಾಗೆ ತೆಳ್ಳಗೆ ಎದ್ದು, ತಿರುವಿನಲ್ಲಿ ತಡೆದು, ಮೆಲ್ಲನೆ ಇಳಿದಿತ್ತು.

"ಚೆನ್ನಾಗಿದೆ ಕಣೇ. ಈಗ ಬರ್ದಿರೋವು ಹೀಗಿಲ್ವಲ್ಲ. ಪಾತ್ರೆ ಉಜ್ಜಿದ ಹಾಗೆ ಉಜ್ಜಿದೀಯ."

ಸೊಸೆ ತನ್ನ ಕೈ ನೋಡಿಕೊಂಡಳು. ಪೆನ್ನನ್ನು ಮುಷ್ಟಿ ಹಿಡಿದಂತೆ ಹಿಡಿದಿದ್ದಳು. ಆವತ್ತು ಹೀಗೆ ಹಿಡಿದಿರಲಿಲ್ಲ. ಪೆನ್ನು ಟ್ಯಾಬ್ಲೆಟ್ ಹಲಗೆಗೆ ಟಕ್ಕೆಂದರೆ ಗೋಡೆಯಾಚೆ ಗೊರಕೆ ನಿಲ್ಲುತ್ತಿತ್ತು. ಅದಕ್ಕೇ ಅವಳು ಉಸಿರು ಬಿಗಿಹಿಡಿದು, ತಾಕಿಯೂ ತಾಕದ ಹಾಗೆ ಬರೆದಿದ್ದಳು. ಬೆಕ್ಕಿನವನ ಒಂದು ಬ್ರಷ್ಷನ್ನು ಮತ್ತೆ ತೆಗೆದು ಹಗುರವಾಗಿ ಎಳೆದಳು. ಗೆರೆಯ ತುದಿ ಹೊಗೆಯಂತೆಯೇ ಎದ್ದಿತು. ಸಂಶಯವಿಲ್ಲ, ಇದೇ! ಆದರೆ ಅಂಗಡಿಯ ಹೆಸರು ಬರೆಯಹೊರಟರೆ ಕೈ ಮತ್ತೆ ಬಿಗಿಯಾಯಿತು. ಮೆಲ್ಲಗೆ ಬರೆಯಬೇಕು ಎಂದುಕೊಂಡಷ್ಟೂ ಅಕ್ಷರಗಳು ಕಳ್ಳ ಹೆಜ್ಜೆ ಇಟ್ಟವು.

"ಅತ್ತೆ, ಒಂದು ಉಪಕಾರ ಮಾಡ್ತೀರಾ? ನೀವು ಒಳಗೆ ಹೋಗಿ ಸ್ವಲ್ಪ ಹೊತ್ತು... ಮಲಗ್ಬೇಕು."

"ಹಗಲು ಹೊತ್ತು? ನಾನು?"

"ನೀವು ಮಲಗಿದ್ರೇನೇ ನನ್ನ ಕೈ ಹಗುರಾಗೋದು. ಕೆಲಸ ಅತ್ತೆ. ಸಂಜೆಯೊಳಗೆ ಕೊಡ್ಬೇಕು."

ಅತ್ತೆ ಅವಳ ಮುಖ ನೋಡಿದರು, ಪರದೆ ನೋಡಿದರು, ಮತ್ತೆ ಮುಖ ನೋಡಿದರು.

"ಕೆಲ್ಸ ಅಂದ್ಮೇಲೆ ಮಾಡ್ಲೇಬೇಕಲ್ಲ," ಎಂದು ಎದ್ದರು. ಬಾಗಿಲ ಬಳಿ ನಿಂತು, "ಆ ಹಾಸಿಗೆಯವ್ನಿಗೆ ಹೇಳು, ನಾನು ನಿದ್ದೆ ಬಂದು ಮಲಗಿದ್ದಲ್ಲ ಅಂತ," ಎಂದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊರಕೆ ಬಂತು. ಅಳತೆ ತಪ್ಪದ, ಶುದ್ಧ ನಾಟಕದ ಗೊರಕೆ. ಸೊಸೆ ಇಣುಕಿದಳು. ಅತ್ತೆ ಕೈಕಾಲು ನೀಟಾಗಿ ಚಾಚಿ, ಪರೀಕ್ಷೆಗೆ ಕೂತವರ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಹೆಬ್ಬೆರಳು ಮಾತ್ರ ಅಲ್ಲಾಡುತ್ತಿತ್ತು. ನಗು ಉಕ್ಕಿ ಬಂತು, ಬಾಯಿಗೆ ಕೈ ಅಡ್ಡ ಹಿಡಿದಳು. ಅದರ ಹಿಂದೆಯೇ, ಯಾಕೋ, ಅವರ ಮೇಲೆ ತುಂಬಾ ಅಕ್ಕರೆ ಉಕ್ಕಿತು. ಅವಳು ಅಲ್ಲೇ ನಿಂತಳು. ನಾಟಕದ ಗೊರಕೆ ನಿಂತಿತು. ಹೆಬ್ಬೆರಳೂ ನಿಧಾನವಾಗಿ ಸುಮ್ಮನಾಯಿತು, ಬಾಯಿ ಒಂಚೂರು ತೆರೆದುಕೊಂಡಿತು.

ಸೊಸೆ ಹೊದಿಕೆಯನ್ನು ಅವರ ಪಾದದ ಮೇಲೆ ಎಳೆದು, ತುದಿಗಾಲಲ್ಲಿ ಹೊರಬಂದಳು. ಕುರ್ಚಿಯನ್ನು ಎಳೆಯದೆ ಎತ್ತಿ ಇಟ್ಟು ಕುಳಿತು, ಉಸಿರು ಹಿಡಿದು, ಪೆನ್ನನ್ನು ಮೆಲ್ಲಗೆ ಕೆಳಗಿಳಿಸಿದಳು.