ಸತ್ತಿಗೆಯ ತುದಿಯ ನೂಲು

ಅವಿಟಾ ಉದ್ದ ಕೋಲಿನ ಸತ್ತಿಗೆಯನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು, ಅದರ ತಗಡಿನ ತುದಿಗೆ ಸುತ್ತಿಕೊಂಡಿದ್ದ ಕೇಸರಿ ನೂಲನ್ನು ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಅಮ್ಮ ಅಸ್ಸುಂತಾ ಕೋಣೆಯ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಬಿಡಿಸಿದ ನೂಲನ್ನೆಲ್ಲ ಅಮ್ಮ ಅಂಗೈಯಲ್ಲಿ ಉಂಡೆ ಮಾಡಿ ಒಲೆಗೆ ಹಾಕಲು ಕೊಂಡುಹೋದಳು.

ಅಕ್ಟೋಬರ್ ಬಂತೆಂದರೆ ಮರಿಯಮ್ಮನ ಪ್ರತಿಮೆ ವಾರ್ಡಿನ ಕ್ರೈಸ್ತರ ಮನೆಗಳನ್ನು ದಿನಕ್ಕೊಂದರಂತೆ ಸುತ್ತುತ್ತದೆ. ಸಂಜೆಯ ಜಪಸರ ಮುಗಿದ ಮೇಲೆ ಮುಂದಿನ ಮನೆಯವರು ಬಂದು ಕೊಂಡುಹೋಗಬೇಕು. ಮೂರು ದಿನದ ಹಿಂದೆ ಸರದಿ ಇವರದಾಗಿತ್ತು. ಜೋರು ಮಳೆ. ಜೊತೆಗೆ ಬರಬೇಕಾದವರು ಹಿಂದಿನ ಮನೆಯ ಜಗಲಿಯಲ್ಲೇ ಉಳಿದರು. ವಾರ್ಡಿನ ಕ್ರೈಸ್ತರ ಮುಂದಾಳು, ಅಂದರೆ ಗುರ್ಕಾರನಾದ ಅಪ್ಪ ಲಾದ್ರು ಪ್ರತಿಮೆ ಹಿಡಿದು ಮುಂದೆ ಹೊರಟ. ಅವಿಟಾ ಅದರ ಮೇಲೆ ಸತ್ತಿಗೆ ಹಿಡಿದಳು.

ಜಂಕ್ಷನ್ನಿನಲ್ಲಿ ಭಜನಾ ಮಂದಿರದವರು ವಾರ್ಷಿಕೋತ್ಸವಕ್ಕೆಂದು ರಸ್ತೆಗೆ ಅಡ್ಡ ಕಟ್ಟಿದ್ದ ಕೇಸರಿ ಪತಾಕೆಗಳ ತೋರಣ ತೊಯ್ದು ಕೆಳಗೆ ಜೋತಿತ್ತು. ಸತ್ತಿಗೆ ಅದಕ್ಕೆ ಸಿಕ್ಕಿಬಿತ್ತು. ತಗ್ಗಿಸಿದ್ದರೆ ಬಿಡುತ್ತಿತ್ತೋ ಏನೋ. ಮರಿಯಮ್ಮ ನೆನೆಯುತ್ತಾಳೆಂದು ಅವಿಟಾ ತಗ್ಗಿಸಲಿಲ್ಲ. ಅಪ್ಪ ಪ್ರತಿಮೆಯನ್ನು ಒಂದು ಕೈಯಲ್ಲಿ ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ಸೊಂಟದ ಚೂರಿ ತೆಗೆದು ಹಗ್ಗ ಕೊಯ್ದ.

"ಬೆಳಿಗ್ಗೆ ಬಂದು ಕಟ್ಟಿದರಾಯಿತು," ಅಂದ.

ಬೆಳಿಗ್ಗೆ ಕಟ್ಟಲು ಹೋದಾಗ ಅಲ್ಲಿ ಐವತ್ತು ಜನ ಸೇರಿದ್ದರು. ಕೆಸರಿಗೆ ಬಿದ್ದ ಪತಾಕೆಗಳ ಮೇಲೆ ಯಾವುದೋ ಗಾಡಿ ಹಾದುಹೋಗಿತ್ತು. ಅಪ್ಪ ಹಾಲು ತರಲು ಬಂದವನ ಹಾಗೆ ನಿಂತು, ಹಾಗೆಯೇ ಹಿಂದೆ ಬಂದ. ಮಧ್ಯಾಹ್ನದೊಳಗೆ ಎರಡು ಅಂಗಡಿಗಳ ಗಾಜು ಪುಡಿಯಾಯಿತು, ಹರತಾಳ ಶುರುವಾಯಿತು, ತೋರಣದ ಕಂಬದ ಬುಡದಲ್ಲಿ ದಿನಾ ರಿಕ್ಷಾ ನಿಲ್ಲಿಸುವ ಸಿನಾನನನ್ನು ಪೊಲೀಸರು ಜೀಪಿಗೆ ಹತ್ತಿಸಿದರು. ಅವನಿಗೆ ಶುಕ್ರವಾರ ದುಬೈಗೆ ವಿಮಾನವಿತ್ತು. ಕೇಸು ಬಿದ್ದರೆ ವೀಸಾ ಅಲ್ಲಿಗೆ ಮುಗಿಯಿತು.

ಪ್ರತಿಮೆ ಕೊಂಡುಹೋಗಲು ಯಾರೂ ಬರಲಿಲ್ಲ. ಮರಿಯಮ್ಮನೂ ಇವರ ಜೊತೆ ಅಲ್ಲೇ ಸಿಕ್ಕಿಹಾಕಿಕೊಂಡಳು. ಮನೆ ಇರುವುದು ಜಂಕ್ಷನ್ನಿನ ತಿರುವಿನಲ್ಲಿ. ಕಿಟಕಿಯ ಬಲಕ್ಕೆ ಮಂದಿರದ ಮಾಡು, ಎಡಕ್ಕೆ ಸಿನಾನನ ಮನೆಯ ಹಸಿರು ಗೇಟು, ಎದುರಿಗೆ ಪೊಲೀಸ್ ಜೀಪು. ಅವಿಟಾಳ ಹೊಲಿಗೆ ಮೆಷಿನಿನ ಪಕ್ಕ ಎರಡೂ ಕಡೆಯವರ ರವಿಕೆ, ಚೂಡಿದಾರಗಳು ಒಂದರ ಮೇಲೊಂದು ಮಡಚಿ ಬಿದ್ದಿದ್ದವು. ಕೇಳಿಕೊಂಡು ಬಂದವರಿಲ್ಲ.

ಒಮ್ಮೆ ಮಾತ್ರ ಅವಳು ಅಪ್ಪನ ಹತ್ತಿರ ಬಾಯಿ ತೆರೆದಿದ್ದಳು.

"ಹೇಳಿಬಿಡಿ ಪಪ್ಪ."

"ಎಂತ ಹೇಳುವುದು? ನಮ್ಮದು ಇಲ್ಲಿ ಎಂಟು ಮನೆ ಉಂಟು, ಅಷ್ಟೇ. ಇಬ್ಬರೂ ಸೇರಿ ನಮ್ಮ ಮೇಲೆ ತಿರುಗಿದರೆ ಓಡುವುದು ಎಲ್ಲಿಗೆ? ನೀನು ಸುಮ್ಮನಿರು, ನಿನಗೆ ಅಭ್ಯಾಸ ಉಂಟಲ್ಲ."

ಅಭ್ಯಾಸ ಇದ್ದದ್ದು ನಿಜ. ಒಂಬತ್ತನೇ ಕ್ಲಾಸಿನಲ್ಲಿ ಟೀಚರು ಎಬ್ಬಿಸಿ ನಿಲ್ಲಿಸಿದರೆ, ಉತ್ತರ ಗೊತ್ತಿದ್ದರೂ ಅವಳ ನಾಲಗೆ ಏಳುತ್ತಿರಲಿಲ್ಲ. ಹಾಗೆ ನಿಂತು ನಿಂತೇ ಅವಳ ಶಾಲೆ ಮುಗಿದಿತ್ತು.

ಈ ಮಧ್ಯೆ ಇಗರ್ಜಿಯ ಪಾದ್ರಿಗಳಿಂದ ಅಚ್ಚು ಹಾಕಿಸಿದ ಹಾಳೆ ಬಂತು. ಪ್ರತಿ ಗುರ್ಕಾರನೂ ನೆರೆಹೊರೆಯವರನ್ನು ಮನೆಗೆ ಕರೆದು ಶಾಂತಿಗಾಗಿ ಪ್ರಾರ್ಥನೆ ನಡೆಸಬೇಕು. ಅಪ್ಪನಿಗೆ ಇಲ್ಲವೆನ್ನಲು ಆಗಲಿಲ್ಲ. ತೋರಣದ ನೂಲು ಬಂದವರ ಕಣ್ಣಿಗೆ ಬೀಳಬಾರದೆಂದೇ ಅದನ್ನು ಬಿಡಿಸುವ ಕೆಲಸ ಬಿದ್ದದ್ದು.

ನಾಲ್ಕು ಗಂಟೆಗೆ ಮಂದಿರದ ಕಾರ್ಯದರ್ಶಿ ಕೇಶವಪ್ರಸಾದ ಬಂದು ಕುರ್ಚಿಯಲ್ಲಿ ಕುಳಿತ. ಸಿನಾನನ ತಾಯಿ ನಬೀಸುಮ್ಮ ಕುರ್ಚಿ ಬೇಡವೆಂದು ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕುಳಿತಳು.

"ನೀವು ಈ ಊರಿನ ರೆಫ್ರಿ ಮಾರಾಯ್ರೆ, ಪೊರ್ಬುಗಳೇ," ಎಂದು ಕೇಶವಪ್ರಸಾದ ಅಪ್ಪನ ಕಡೆ ತಿರುಗಿ ನಕ್ಕ. "ಎರಡು ಟೀಮಿನವರೂ ಚಾ ಕುಡಿಯುವುದು ನಿಮ್ಮಲ್ಲಿಯೇ."

"ರೆಫ್ರಿಗೆ ಸೀಟಿ ಊದಲಿಕ್ಕೆ ಬರುವುದಿಲ್ಲವಾ?" ನಬೀಸುಮ್ಮ ಅವನ ಕಡೆ ನೋಡದೆ ಹೇಳಿದಳು. "ನನ್ನ ಮಗ ಆಟದಲ್ಲೇ ಇರಲಿಲ್ಲ. ಮಳೆಗೆ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ."

"ಮತ್ತೆ ಹಗ್ಗ ಕೊಯ್ದದ್ದು ಯಾರು ನಬೀಸುಮ್ಮ, ಕಾಗೆಯಾ?"

"ಮೊದಲು ಪ್ರಾರ್ಥನೆ," ಎಂದು ಅಪ್ಪ ಎದ್ದ. ಚಾದ ತಟ್ಟೆ ಹಿಡಿದು ಬಂದ ಅವಿಟಾಳ ಕೈಯನ್ನು ನಬೀಸುಮ್ಮ ಮುಟ್ಟಿದಳು. "ನೀನು ಯಾಕೆ ಇಷ್ಟು ಬಾಡಿದ್ದಿ ಮೋಳೇ?"

ದಿನಾ ಕೊಂಕಣಿಯಲ್ಲಿ ನಡೆಯುವ ಪ್ರಾರ್ಥನೆಯನ್ನು ಎಲ್ಲರಿಗೂ ತಿಳಿಯಲೆಂದು ಅಪ್ಪ ಕನ್ನಡದಲ್ಲಿ ಓದಿದ. "ಒಡೆದುಹೋದ ಊರುಗಳಲ್ಲಿ ಭರವಸೆ ತರುವ ಎಲ್ಲ ಕ್ರೈಸ್ತರಿಗಾಗಿ ಪ್ರಾರ್ಥಿಸೋಣ."

"ಪ್ರಭುವೇ, ನಮ್ಮ ಮೊರೆಯನ್ನು ಕೇಳು," ಎಂದಳು ಅಮ್ಮ. ಅವಿಟಾಳ ತುಟಿ ಅಲುಗಿತು, ಅಷ್ಟೇ. ಅಪ್ಪನ ಸ್ವರ ಗಟ್ಟಿಯಾಗಿತ್ತು.

ಹಾಳೆಯಲ್ಲಿದ್ದದ್ದು ಮುಗಿದ ಮೇಲೆ ಯಾರು ಬೇಕಾದರೂ ತಮ್ಮ ಕೋರಿಕೆಯನ್ನು ಹೇಳಬಹುದು, ಉಳಿದವರು ಅದೇ ಸಾಲನ್ನು ಹೇಳಿ ಅದನ್ನು ತಮ್ಮದಾಗಿಸಿಕೊಳ್ಳಬೇಕು. ಎಂಟೂ ಮನೆಗಳಲ್ಲಿ ಹಾಗೆಯೇ ರೂಢಿ. ಮುದುಕಿಯರು ಹಸು ಕರು ಹಾಕಲಿ ಎಂದು ಕೇಳಿದರೂ ಯಾರೂ ಉತ್ತರ ಕೊಡದೆ ಬಿಟ್ಟದ್ದಿಲ್ಲ.

"ನಾನೂ ಹೇಳಬಹುದಾ?" ಎಂದಳು ನಬೀಸುಮ್ಮ. ಅಪ್ಪ ತಲೆಯಾಡಿಸಿದ. "ನನ್ನ ಮಗ ಶುಕ್ರವಾರದ ವಿಮಾನ ಹತ್ತಲಿ."

"ಪ್ರಭುವೇ, ನಮ್ಮ ಮೊರೆಯನ್ನು ಕೇಳು." ಎಲ್ಲರಿಗಿಂತ ದೊಡ್ಡದಾಗಿ ಕೇಳಿಸಿದ್ದು ಅಪ್ಪನ ಸ್ವರ. ಕೇಶವಪ್ರಸಾದ ಕೂಡ ತಗ್ಗಿದ ದನಿಯಲ್ಲಿ ಅರ್ಧ ಹೇಳಿದ.

ಅವಿಟಾಳಿಗೆ ಅಪ್ಪನ ಆ ಸ್ವರವನ್ನು ತಡೆದುಕೊಳ್ಳಲಾಗಲಿಲ್ಲ. ಬಾಗಿಲ ಹೊರಗೆ ಜೀಪು, ಒಳಗೆ ಮರಿಯಮ್ಮ, ಮೂಲೆಯಲ್ಲಿ ಒರಗಿಸಿಟ್ಟ ಚೊಕ್ಕಟ ಸತ್ತಿಗೆ.

"ಹಾಗಾದರೆ ಮುಗಿಸುವ," ಅಂದ ಅಪ್ಪ.

"ನನ್ನದು ಒಂದು ಉಂಟು," ಅಂದಳು ಅವಿಟಾ.

ಅಮ್ಮ ಅವಳ ಸೆರಗಿಗೆ ಕೈ ಹಾಕಿದಳು. ಕ್ಲಾಸಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ಅವಿಟಾ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ನಾಲಗೆ ಮಾತ್ರ ಎದ್ದಿತು.

"ಮೊನ್ನೆ ಸತ್ತಿಗೆ ಸಿಕ್ಕಿಬಿದ್ದಾಗ ಹಗ್ಗ ಕೊಯ್ದದ್ದು ನಾವು. ಅದನ್ನು ಪಪ್ಪ ಸ್ಟೇಷನಿಗೆ ಹೋಗಿ ಹೇಳಲಿ. ಪ್ರಾರ್ಥಿಸೋಣ."

ಉತ್ತರದ ಸಾಲು ಅಷ್ಟರಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಅವಳು ಕಾದಳು. ಮತ್ತೊಮ್ಮೆ, ಈ ಸಲ ಅಪ್ಪನ ಮುಖ ನೋಡಿ ಹೇಳಿದಳು.

"ಪ್ರಾರ್ಥಿಸೋಣ ಪಪ್ಪ."